ಥಾಮಸ್‌ಗೆ ನಾನು ಕೊಟ್ಟ ತಪ್ಪು ತಂದೆ

ವೂರ್‌ಬರ್ಗ್‌ನ ನಮ್ಮ ಫ್ಲಾಟಿನ ಬಾಗಿಲಲ್ಲಿ, ಕರೆಗಂಟೆಯ ಗುಂಡಿಯ ಕೆಳಗೆ, ಬೆರಳುದ್ದದ ಒಂದು ಹಿತ್ತಾಳೆ ಫಲಕವಿದೆ. ಅದರ ಮೇಲೆ ‘ತಿಪ್ಪಯ್ಯ’ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಕೆತ್ತಿದೆ. ತಿಪ್ಪಯ್ಯ ನಾನಲ್ಲ, ನಮ್ಮಪ್ಪ. ಅವರು ಈ ದೇಶಕ್ಕೆ ಬಂದವರೇ ಅಲ್ಲ. ಊರಿನಲ್ಲಿ ನನ್ನ ಹೆಸರಿನ ಮುಂದೆ ಒಂದು ‘ಟಿ’ ಇತ್ತು, ಅಷ್ಟೇ. ಪಾಸ್‌ಪೋರ್ಟಿನವರು ಆ ಟಿಯನ್ನು ಬಿಡಿಸಿ ಬರೆಯಿರಿ ಎಂದರು, ಬರೆದೆ. ಇಲ್ಲಿನ ಗೆಮೇಂಟೆಯವರು, ಅಂದರೆ ನಗರಸಭೆಯವರು, ಅದನ್ನೇ ನನ್ನ ಮನೆತನದ ಹೆಸರೆಂದು ದಾಖಲಿಸಿಕೊಂಡರು. ಅಂದಿನಿಂದ ಹಲ್ಲಿನ ಡಾಕ್ಟರಿಂದ ಹಿಡಿದು ನೀರಿನ ಇಲಾಖೆಯವರ ತನಕ ಎಲ್ಲರೂ ನನ್ನನ್ನು ‘ಮೆನೇರ್ ತಿಪ್ಪಯ್ಯ’, ಅಂದರೆ ಶ್ರೀಮಾನ್ ತಿಪ್ಪಯ್ಯ, ಎನ್ನುತ್ತಾರೆ. ಅಪ್ಪ ಬದುಕಿದ್ದಾಗ ಅವರನ್ನು ಯಾರಾದರೂ ಇಷ್ಟು ಮರ್ಯಾದೆಯಿಂದ ಕರೆದದ್ದು ನನಗೆ ನೆನಪಿಲ್ಲ.

ಆ ಹೆಸರು ಹೇಗೆ ಬಂತು ಎಂಬುದನ್ನು ನಿಮ್ಮಲ್ಲಿ ಕೆಲವರು ಈಗಾಗಲೇ ಊಹಿಸಿರುತ್ತೀರಿ. ಅಪ್ಪನಿಗಿಂತ ಮೊದಲು ನಮ್ಮಜ್ಜಿಗೆ ಮೂರು ಮಕ್ಕಳಾಗಿ ಮೂರೂ ಹೋಗಿದ್ದವು. ನಾಲ್ಕನೆಯದು ಹುಟ್ಟಿದ ಕೂಡಲೇ ಸೂಲಗಿತ್ತಿ ಅದನ್ನು ಹಿತ್ತಿಲ ತಿಪ್ಪೆಯ ಮೇಲೆ ಒಂದು ಸುತ್ತು ಹೊರಳಿಸಿ, ಯಾರೋ ಬಿಸಾಕಿದ ಕೂಸು ಸಿಕ್ಕಿತು ಎಂಬಂತೆ ಎತ್ತಿ ತಂದಳಂತೆ. ಹೆಸರೂ ಅದೇ ಆಯಿತು. ಸಾವು ಬಾಗಿಲಿಗೆ ಬಂದು ಹೆಸರು ಕೇಳಿದರೆ ಮೂಗು ಮುಚ್ಚಿಕೊಂಡು ವಾಪಸು ಹೋಗಲಿ ಎಂಬ ಲೆಕ್ಕ. ಅಪ್ಪ ಎಂಬತ್ತೊಂದರವರೆಗೆ ಬದುಕಿದರು. ಅದು ಆ ತಿಪ್ಪೆಯ ಮಹಿಮೆ ಎಂದು ನಮ್ಮ ಮನೆಯಲ್ಲಿ ಎಲ್ಲರೂ ನಂಬಿದ್ದಾರೆ. ಎಂಜಿನಿಯರ್ ಆದ ನಾನೂ ನಂಬದೆ ಇಲ್ಲ.

ನಾವು ಈ ಫ್ಲಾಟಿಗೆ ಬಂದ ವಾರ, ಕೆಳಗಿನ ಮನೆಯ ಡೊರೀನ್ ಮೆಟ್ಟಿಲು ಹತ್ತಿ ಬಂದು, ಫಲಕದ ಹತ್ತಿರ ಮುಖವಿಟ್ಟು ಓದಿ, “ಇದರ ಅರ್ಥವೇನು?” ಎಂದು ಕೇಳಿದರು. “ಸಣ್ಣ ಗುಡ್ಡ” ಎಂದೆ. ಪೂರ್ತಿ ಸುಳ್ಳೇನೂ ಅಲ್ಲ.

ಡೊರೀನ್‌ಗೆ ಆಗ ಎಂಬತ್ತೆರಡು. ಇಂಗ್ಲೆಂಡಿನವರು, ಇಲ್ಲಿನ ಮೀನುಗಾರರ ಮನೆಯ ಹುಡುಗನೊಬ್ಬನನ್ನು ಮದುವೆಯಾಗಿ ಬಂದು ಐವತ್ತೆಂಟು ವರ್ಷ ಕಳೆದಿದ್ದರು. ಮಕ್ಕಳಿಲ್ಲ. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ಅವನಿಚ್ಛೆಯಂತೆ ಬೂದಿಯನ್ನು ಸಮುದ್ರಕ್ಕೆ ಬಿಟ್ಟಿದ್ದರು. ನನ್ನ ಹೆಂಡತಿ ಸುಧಾ ಅವರನ್ನು ‘ಕೆಳಗಿನಜ್ಜಿ’ ಎಂದು ಕನ್ನಡದಲ್ಲೇ ಕರೆಯುತ್ತಿದ್ದಳು. ಅದು ತಮ್ಮ ಹೆಸರೆಂದು ಒಪ್ಪಿಕೊಂಡು ಅವರೂ ಓಗೊಡುತ್ತಿದ್ದರು.

ಎಲ್ಲಕ್ಕೂ ಮೂಲ ನಮ್ಮ ಮಾವ. ಸುಧಾಳ ತಂದೆ, ಮೈಸೂರಿನ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಹೆಡ್ ಕ್ಲಾರ್ಕ್ ಆಗಿ ನಿವೃತ್ತರಾದವರು. ಪ್ರತಿ ಬೇಸಿಗೆಯಲ್ಲಿ ಮೂರು ತಿಂಗಳ ವೀಸಾದ ಮೇಲೆ ಬಂದು, ಎರಡು ತಿಂಗಳು ಇಪ್ಪತ್ತೊಂಬತ್ತು ದಿನ ಚಳಿ ಎಂದು ಹೇಳಿ ಹೋಗುತ್ತಾರೆ. ಒಂದು ಭಾನುವಾರ ಡೊರೀನ್ ನಮ್ಮಲ್ಲಿ ಊಟಕ್ಕೆ ಬಂದಿದ್ದರು. ಮಾವ ಎಲ್ಲರಿಗೂ ಕೇಳುವ ಮೊದಲ ಪ್ರಶ್ನೆಯನ್ನು ಕೇಳಿದರು.

“ಸುಧಾ, ಇವರು ಯಾವ ಕಡೆಯವರು ಅಂತ ಕೇಳು.”

“ಲಿಂಕನ್‌ಶೈರ್ ಅಂತೆ ಅಪ್ಪ.”

“ಅದು ಊರಾಯ್ತಲ್ಲ. ಜನ ಯಾವುದು, ಯಾರ ಪೈಕಿ?”

“ಅಪ್ಪಾ, ಅವರಲ್ಲಿ ಪೈಕಿಗೀಯ್ಕಿ ಇರಲ್ಲ.”

“ಇಲ್ದೇ ಎಲ್ಲಿ ಹೋಗುತ್ತೆ? ಹೇಳ್ಕೊಳ್ಳಲ್ಲ ಅಷ್ಟೆ.”

ಊರು ಕೇಳುವವರಿಗೆ ಊರು ಬೇಕಾಗಿರುವುದಿಲ್ಲ; ಇದು ನನಗೆ ಮದುವೆಯ ಮೊದಲೇ ಗೊತ್ತು. ನಮ್ಮ ಮದುವೆಯ ಮಂಟಪದಲ್ಲಿ ಪುರೋಹಿತರು ನನ್ನ ಗೋತ್ರ ಕೇಳಿದರು. ನಾನು ನಮ್ಮಪ್ಪನ ಮುಖ ನೋಡಿದೆ, ಅಪ್ಪ ನಮ್ಮ ಚಿಕ್ಕಪ್ಪನ ಮುಖ ನೋಡಿದರು. ಪುರೋಹಿತರು ಕೈಗಡಿಯಾರ ನೋಡಿಕೊಂಡು, “ಶಿವಗೋತ್ರ ಅಂತ ಹಾಕ್ಕೊಳ್ಳೋಣ ಬಿಡಿ” ಎಂದು ಒಂದು ಕ್ಷಣದಲ್ಲಿ ನಮಗೊಂದು ವಂಶ ದಯಪಾಲಿಸಿದರು. ಆಗ ಮಾವನ ಮುಖದಲ್ಲಿ ಬಂದ ಕಳೆಯನ್ನು ನಾನು ಇಂದಿಗೂ ವರ್ಣಿಸಬಲ್ಲೆ, ಆದರೆ ಅವರು ಇನ್ನೂ ಪ್ರತಿ ವರ್ಷ ಬರುತ್ತಾರೆ.

ಆ ಭಾನುವಾರ ಮಾವ ಸಾರಿನನ್ನ ಕಲಸುವುದನ್ನು ನಿಲ್ಲಿಸಿ ಎದೆಯ ಮೇಲೆ ಕೈಯಿಟ್ಟು ತಮ್ಮ ಗೋತ್ರ, ಸೂತ್ರ, ಮೂವರು ಋಷಿಗಳ ಹೆಸರನ್ನು ಒಂದೇ ಉಸಿರಿನಲ್ಲಿ ಹೇಳಿದರು. ಸುಧಾ ಋಷಿಗಳ ಕಾಲವನ್ನೂ ಸೇರಿಸಿ ಅನುವಾದಿಸಿದಳು. ಡೊರೀನ್ ಚಮಚ ಕೆಳಗಿಟ್ಟರು. “ಮೂರು ಸಾವಿರ ವರ್ಷ,” ಎಂದರು. “ನನಗೆ ನನ್ನ ಮುತ್ತಜ್ಜನ ಆಚೆಗೆ ಗೊತ್ತಿಲ್ಲ. ಇವರ ಅಜ್ಜಿಯ ತಾಯಿಯ ಹೆಸರೇನು, ಕೇಳು.”

ಸುಧಾ ಕೇಳಿದಳು. ಮಾವ, “ಹೆಂಗಸರದ್ದು ನಾವು ಇಟ್ಕೊಳ್ಳಲ್ಲಮ್ಮ” ಎಂದು ಮತ್ತೆ ಅನ್ನ ಕಲಸತೊಡಗಿದರು. ಈ ಉತ್ತರವನ್ನು ಸುಧಾ ಅನುವಾದಿಸಲಿಲ್ಲ.

ಒಂದು ವಾರ ಬಿಟ್ಟು ಡೊರೀನ್ ನನ್ನನ್ನು ಚಹಾಕ್ಕೆ ಕರೆದರು. ಮೇಜಿನ ಮೇಲೆ ಹಳೆಯ ಪಟಗಳೂ ಒಂದು ಭೂತಗನ್ನಡಿಯೂ ಇದ್ದವು. ವಿಷಯವನ್ನು ಅವರು ಸುತ್ತಿ ಬಳಸದೆ ಹೇಳಿದರು. ಈ ದೇಶದಲ್ಲಿ ಸಮಾಧಿಯೂ ಬಾಡಿಗೆಯದು. ಇಷ್ಟು ವರ್ಷ ಎಂದು ಅವಧಿ. ಮುಗಿದ ಮೇಲೆ ಪತ್ರ ಬರುತ್ತದೆ. ಉತ್ತರಿಸುವವರು ಇಲ್ಲದಿದ್ದರೆ ಎತ್ತಿ ಜಾಗ ಖಾಲಿ ಮಾಡಿ ಮುಂದಿನವರಿಗೆ ಕೊಡುತ್ತಾರೆ. “ನನ್ನ ಪತ್ರಕ್ಕೆ ಉತ್ತರ ಬರೆಯುವವರು ಯಾರು? ಸಮುದ್ರ ಆಗದು, ದೋಣಿ ಹತ್ತಿದರೇ ನನಗೆ ವಾಂತಿ. ಐವತ್ತೆಂಟು ವರ್ಷ ಬಾಡಿಗೆ ಮನೆಯಲ್ಲಿದ್ದೇನೆ. ಸತ್ತ ಮೇಲಾದರೂ ಪತ್ರ ಬರದ ಜಾಗದಲ್ಲಿರಬೇಕು.”

ಅಂಥ ಜಾಗ ಅವರ ಮನಸ್ಸಿನಲ್ಲಿತ್ತು. ಅವರ ತಂದೆಯ ಕಡೆಯವರು, ಟಪ್ಲಿನ್ ಎಂಬ ಮನೆತನದವರು, ಲಿಂಕನ್‌ಶೈರಿನ ಲಿಟ್ಲ್ ಟಾರ್ಬಿ ಎಂಬ ಹಳ್ಳಿಯವರೆಂದು ಮನೆಯಲ್ಲಿ ಮಾತಿತ್ತು. ನಮ್ಮಲ್ಲಿ ಚಿಕ್ಕಬಳ್ಳಾಪುರ ಇದ್ದರೆ ದೊಡ್ಡಬಳ್ಳಾಪುರವೂ ಇರುತ್ತದೆ. ಅಲ್ಲಿ ಲಿಟ್ಲ್ ಟಾರ್ಬಿ ಮಾತ್ರ ಇದೆ. ಇದಕ್ಕಿಂತ ದೊಡ್ಡದು ಬೇಕು ಎಂದು ಆ ಕಡೆ ಯಾರಿಗೂ ಅನ್ನಿಸಿದಂತಿಲ್ಲ. ಅಲ್ಲಿನ ಚರ್ಚಿನ ಅಂಗಳ ತುಂಬಿಹೋಗಿ ಹೊಸ ಸಮಾಧಿಗೆ ಅವಕಾಶವಿಲ್ಲ. ಆದರೆ ಅಲ್ಲಿ ಕಲ್ಲಿನ ಸಮಾಧಿ ಇರುವ ಮನೆತನದವರು, ಸಂಬಂಧಕ್ಕೆ ಆಧಾರ ತೋರಿಸಿದರೆ, ತಮ್ಮ ಬೂದಿಯನ್ನು ಆ ಕಲ್ಲಿನ ಬುಡದಲ್ಲಿ ಇರಿಸಬಹುದು. ಹಾಗೆಂದು ನಮ್ಮ ದೇವಸ್ಥಾನಗಳ ಪಾರುಪತ್ಯೆಗಾರನಂಥ ಒಬ್ಬ, ಆ ಚರ್ಚಿನ ವ್ಯವಹಾರ ನೋಡಿಕೊಳ್ಳುವವನು, ಹೆಸರು ಕೀತ್, ಡೊರೀನ್‌ಗೆ ಬರೆದಿದ್ದ. ಡೊರೀನ್‌ಗೆ ಪರದೆಯ ಮೇಲಿನ ಹಳೆಯ ಕೈಬರಹ ಕಾಣುತ್ತಿರಲಿಲ್ಲ. ನನ್ನ ಬಳಿ ಎರಡು ದೊಡ್ಡ ಮಾನಿಟರ್‌ಗಳಿದ್ದವು, ಶುಕ್ರವಾರ ರಜೆಯಿತ್ತು.

ನನ್ನ ಕಸುಬನ್ನೂ ಇಲ್ಲಿ ಹೇಳಿಬಿಡಬೇಕು. ಕಂಪನಿಗಳ ಗ್ರಾಹಕರ ಪಟ್ಟಿಯಲ್ಲಿ ಒಬ್ಬನೇ ಮನುಷ್ಯ ಎರಡು ಕಡೆ ಸೇರಿಹೋಗಿದ್ದರೆ ಕಂಡುಹಿಡಿದು ಒಂದು ಮಾಡುವುದು, ಒಂದೇ ಹೆಸರಿನ ಇಬ್ಬರು ಒಂದಾಗಿಹೋಗಿದ್ದರೆ ಬೇರೆ ಮಾಡುವುದು. ಹದಿನಾರು ವರ್ಷದಿಂದ ಇದನ್ನೇ ಮಾಡುತ್ತಿದ್ದೇನೆ. ಆದ್ದರಿಂದ ಲಿಟ್ಲ್ ಟಾರ್ಬಿಯ ನಾನೂರು ಜನರನ್ನು ನಾಲ್ಕು ಶುಕ್ರವಾರದಲ್ಲಿ ಮುಗಿಸುತ್ತೇನೆಂದು ಹೇಳಿದೆ. ಹದಿನಾಲ್ಕು ಶುಕ್ರವಾರ ಹಿಡಿಯಿತು.

ಆ ಹಳ್ಳಿಯ ಪುಸ್ತಕಗಳನ್ನು ನೀವು ನೋಡಬೇಕು. ಇನ್ನೂರು ಚಿಲ್ಲರೆ ವರ್ಷದ ಹಿಂದೆ ಪಾದ್ರಿಯೊಬ್ಬ ಹೆಬ್ಬಾತಿನ ಗರಿಯಲ್ಲಿ ಬರೆದದ್ದು. ಹುಟ್ಟಿದವರಿಗೆ ಒಂದು ಸಾಲು, ಮದುವೆಯಾದವರಿಗೆ ಎರಡು, ಸತ್ತವರಿಗೆ ಅರ್ಧ. ಊಟವಾದ ಮೇಲೆ ಬರೆದ ಸಾಲುಗಳು ಇಳಿಜಾರಾಗಿವೆ. ಇನ್ನು ಹೆಸರುಗಳೋ, ಗಂಡಸರಿಗೆ ಒಟ್ಟು ಐದು: ವಿಲಿಯಂ, ಜಾನ್, ಥಾಮಸ್, ರಾಬರ್ಟ್, ಜಾರ್ಜ್. ಹೆಂಗಸರಿಗೆ ನಾಲ್ಕರಲ್ಲೇ ಸುಧಾರಿಸಿದ್ದಾರೆ. ಹಡಗು ಹತ್ತಿ ಹೋಗಿ ಅರ್ಧ ಭೂಮಿಯನ್ನು ಹಿಡಿದುಕೊಂಡ ಜನಕ್ಕೆ ಆರನೆಯದೊಂದು ಹೆಸರು ಹೊಳೆಯಲಿಲ್ಲ. ನನ್ನ ಕಚೇರಿಯ ಪಟ್ಟಿಯಲ್ಲಿ ಇಂಥದ್ದು ಬಂದಿದ್ದರೆ ಯಾರೋ ತಮಾಷೆ ಮಾಡಿದ್ದಾರೆಂದು ವಾಪಸು ಕಳಿಸುತ್ತಿದ್ದೆ.

ಡೊರೀನರ ತಂದೆ, ಅಜ್ಜ, ಮುತ್ತಜ್ಜ ಎಂದು ಹಿಂದೆ ಹಿಂದೆ ಹೋಗಿ ನಾನು ಥಾಮಸ್ ಟಪ್ಲಿನ್ ಎಂಬುವನವರೆಗೆ ಯಾವ ಅನುಮಾನಕ್ಕೂ ಎಡೆಯಿಲ್ಲದಂತೆ ತಲುಪಿದೆ. ತೊಡಕು ಬಂದದ್ದು ಅಲ್ಲಿ. ಆ ಕಾಲಕ್ಕೆ ಊರಿನಲ್ಲಿ ವಿಲಿಯಂ ಮತ್ತು ಆನ್ ಟಪ್ಲಿನ್ ಎಂಬ ಎರಡು ಜೋಡಿಗಳಿದ್ದವು. ಒಬ್ಬ ವಿಲಿಯಂ ಊರಿಗೆ ಇದ್ದ ಒಂದೇ ಗಾಳಿಗಿರಣಿಯ ಯಜಮಾನ. ಚರ್ಚಿನ ಬಾಗಿಲ ಹತ್ತಿರ ಅವನದ್ದು ಎದೆಮಟ್ಟದ ಕಲ್ಲು ಈಗಲೂ ಇದೆ. ಇನ್ನೊಬ್ಬ ವಿಲಿಯಂ ಕೂಲಿ. ಅವನಿಗೆ ಕಲ್ಲಿಲ್ಲ. ಜನನದ ಪುಸ್ತಕದಲ್ಲಿ ತಂದೆ ತಾಯಿಯ ಹೆಸರಿನ ಹೊರತು ಬೇರೇನನ್ನೂ ಬರೆಯುತ್ತಿರಲಿಲ್ಲ, ಹಾಗಾಗಿ ಯಾವ ಮಗು ಯಾವ ವಿಲಿಯಂನದು ಎಂದು ನಾವೇ ಬಿಡಿಸಿಕೊಳ್ಳಬೇಕು.

ಕೂಲಿ ವಿಲಿಯಂಗೆ ಒಬ್ಬ ಥಾಮಸ್ ಹುಟ್ಟಿ ಹತ್ತೊಂಬತ್ತು ದಿನಕ್ಕೆ ಸತ್ತಿದ್ದ. ಅದು ಖಚಿತ, ಸಾವಿನ ಸಾಲಿನಲ್ಲಿ ‘ಕೂಲಿಯ ಶಿಶು’ ಎಂದಿತ್ತು. ಎರಡು ವರ್ಷ ಕಳೆದು ವಿಲಿಯಂ ಮತ್ತು ಆನ್‌ಗೆ ಇನ್ನೊಬ್ಬ ಥಾಮಸ್ ಹುಟ್ಟಿದ. ಇವನೇ ಡೊರೀನರ ಥಾಮಸ್. ಇವನು ಯಾರ ಮಗ?

ನನಗೆ ಯೋಚಿಸಲು ಅರ್ಧ ನಿಮಿಷವೂ ಬೇಕಾಗಲಿಲ್ಲ. ಸತ್ತ ಕೂಸಿನ ಹೆಸರನ್ನು ಅದರ ಬೆನ್ನಿಗೆ ಹುಟ್ಟಿದ ಕೂಸಿಗೆ ಯಾವ ತಾಯಿ ಇಟ್ಟಾಳು? ಕಲ್ಲ ಎನ್ನುತ್ತಾರೆ, ಗುಂಡ ಎನ್ನುತ್ತಾರೆ, ಮೊರದಷ್ಟು ತೌಡಿಗೆ ನೆರೆಮನೆಯವರಿಗೆ ಮಾರಿ ವಾಪಸು ತರುತ್ತಾರೆ, ತಿಪ್ಪೆಯ ಮೇಲೆ ಹೊರಳಿಸುತ್ತಾರೆ. ಹೋದ ಮಗುವಿನ ಹೆಸರನ್ನು ಬಾಯಿಗೂ ತರುವುದಿಲ್ಲ. ಆದ್ದರಿಂದ ಎರಡನೆಯ ಥಾಮಸ್ ಕೂಲಿಯವನ ಮಗನಾಗಿರುವುದು ಅಸಾಧ್ಯ, ಗಿರಣಿಯವನ ಮಗ. ‘ದೃಢಪಟ್ಟಿದೆ’ ಎಂದು ಟೈಪು ಮಾಡಿ ಅಡಿಗೆರೆ ಎಳೆದೆ. ಆ ಅಡಿಗೆರೆಯನ್ನು ನಾನು ಎರಡು ಸಲ ಎಳೆದೆನೆಂಬುದು ಈಗಲೂ ನೆನಪಿದೆ.

ಪಟ್ಟಿ ಕೀತ್‌ಗೆ ಹೋಯಿತು. ನಾಲ್ಕು ದಿನಕ್ಕೆ ಉತ್ತರ ಬಂತು: ಎಲ್ಲವೂ ಅಚ್ಚುಕಟ್ಟಾಗಿದೆ, ಗಿರಣಿಯವನ ಕಲ್ಲಿನ ಬುಡದಲ್ಲಿ ಜಾಗವಿದೆ, ಡೊರೀನ್ ಯಾವಾಗ ಬೇಕಾದರೂ ಬರಬಹುದು, ಅವಸರವೇನಿಲ್ಲ.

ಅಂದಿನಿಂದ ಕೆಳಗಿನಜ್ಜಿಯ ನಡಿಗೆ ಬದಲಾಯಿತು. ಸೈಕಲ್ ದಾರಿಯಲ್ಲಿ ಯಾವ ಗಾಳಿಗಿರಣಿ ಕಂಡರೂ ನಿಂತು, ರೆಕ್ಕೆಯ ಬಟ್ಟೆ ಸಡಿಲವಾಗಿದೆ ಎಂದು ತಲೆಯಾಡಿಸುವರು. ಈ ದೇಶದಲ್ಲಿ ಗಿರಣಿಗೇನು ಬರ. ಒಂದರಿಂದ ಐದು ಕಿಲೋ ಹಿಟ್ಟು ತಂದು, “ನಮ್ಮ ಮನೆತನದ ಕೆಲಸ” ಎನ್ನುತ್ತ ವಾರಕ್ಕೆರಡು ಸಲ ರೊಟ್ಟಿ ಬೇಯಿಸಿ ಮೂರೂ ಮಹಡಿಗೆ ಹಂಚಿದರು. ಮುಂದಿನ ಬೇಸಿಗೆಗೆ ಮತ್ತೆ ಬಂದ ಮಾವನ ಕಟ್ಟಿಸಿದ ಹಲ್ಲಿನ ಸೆಟ್ಟು ಮೊದಲನೆಯ ರೊಟ್ಟಿಯಲ್ಲೇ ಅಲುಗಿತು. “ಇವರಪ್ಪನ ಮನೆಯೋರು ಹಿಟ್ಟು ಬೀಸ್ತಿದ್ರೋ ಕಲ್ಲು ಬೀಸ್ತಿದ್ರೋ?” ಎಂದು ಕೇಳಿದರು. ಆದರೂ ತಿಂದರು. ವಂಶವುಳ್ಳವರ ಕೈಯ ರೊಟ್ಟಿಯಲ್ಲವೆ?

ಪಟ್ಟಿಯನ್ನು ದೊಡ್ಡದಾಗಿ ಚೆಂದದ ಅಕ್ಷರದಲ್ಲಿ ಬರೆಸಿ ಗೋಡೆಗೆ ಹಾಕಿಕೊಳ್ಳಬೇಕೆಂದು ಡೊರೀನ್‌ಗೆ ಆಸೆಯಾಯಿತು. ಸುಧಾಳ ಅಕ್ಷರ ಚೆನ್ನ. ಒಂದು ಶನಿವಾರ ನೆಲದ ಮೇಲೆ ಉದ್ದನೆಯ ಕಾಗದ ಹಾಸಿಕೊಂಡು ಕೂತಳು. ಥಾಮಸನ ಮೇಲಿನ ಸಾಲಿಗೆ ಬಂದು ಪೆನ್ನು ನಿಲ್ಲಿಸಿದಳು.

“ರೀ, ಈ ವಿಲಿಯಂ ಸತ್ತಿದ್ದು ಬರ್ದಿದೀರಿ. ಆನ್ ಸತ್ತಿದ್ದು?”

“ಅದು ಬೇಕಾಗಲಿಲ್ಲ.”

“ಬೇಕಾಗಲಿಲ್ಲ ಅಂದ್ರೆ? ಅವಳಿನ್ನೂ ಇದಾಳಾ?”

ನಾನು ಕಂಪ್ಯೂಟರಿನ ಮುಂದೆ ಕೂತೆ. ಹದಿನಾಲ್ಕು ಶುಕ್ರವಾರಗಳಲ್ಲಿ ಗಂಡಸರನ್ನಷ್ಟೇ ಹಿಡಿದುಕೊಂಡು ಹತ್ತಿದ್ದೆ. ವಂಶ ಎಂದರೆ ಅದೇ ಎಂದು ಯಾರೂ ಹೇಳಿಕೊಡದೆಯೇ ಕಲಿತಿದ್ದೆ. ಆನಳ ಸಾವು ಹುಡುಕಲು ಆರು ನಿಮಿಷ ಸಾಕಾಯಿತು. ‘ಆನ್, ಗಿರಣಿಯ ವಿಲಿಯಂನ ಹೆಂಡತಿ.’ ತಾರೀಖು ನೋಡಿದೆ. ಥಾಮಸನ ಜನನದ ಸಾಲನ್ನು ಪಕ್ಕದ ಪರದೆಯಲ್ಲಿ ತೆರೆದೆ. ಅದರ ಅಂಚಿನಲ್ಲಿ ಪಾದ್ರಿ ‘ನಿನ್ನೆ ಹುಟ್ಟಿದ್ದು’ ಎಂದು ಬರೆದಿದ್ದ. ಹೆತ್ತವಳೆಂದು ನಾನು ದೃಢಪಡಿಸಿದ್ದ ಹೆಂಗಸು ಅಷ್ಟು ಹೊತ್ತಿಗೆ ಸತ್ತು ಹದಿನೇಳು ತಿಂಗಳಾಗಿತ್ತು. ಗಿರಣಿಯವನು ಮತ್ತೆ ಮದುವೆಯಾದದ್ದು ಇನ್ನೂ ಮೂರು ವರ್ಷದ ಮೇಲೆ, ಅವಳ ಹೆಸರು ಸುಸಾನಾ.

ನಾನು ಎದ್ದು ಹೋಗಿ ಒಂದು ಲೋಟ ನೀರು ಕುಡಿದು ಬಂದು ಮತ್ತೆ ನೋಡಿದೆ. ತಾರೀಖು ಬದಲಾಗಿರಲಿಲ್ಲ. ಆಮೇಲೆ ಕೂಲಿ ವಿಲಿಯಂನ ಆನಳನ್ನು ಮೊದಲಿನಿಂದ ಕೊನೆಯವರೆಗೆ ಹಿಂಬಾಲಿಸಿದೆ. ಒಂಬತ್ತು ಹೆರಿಗೆ, ಐದು ಸಾವು. ಎರಡು ಥಾಮಸ್. ಇಬ್ಬರು ಮೇರಿಯರೂ ಇದ್ದರು. ಹೂತದ್ದನ್ನು ಅದೇ ಕೈ, ಅದೇ ಮಸಿಯಲ್ಲಿ, ಅರ್ಧರ್ಧ ಸಾಲಿನಲ್ಲಿ ಬರೆದಿತ್ತು. ಪಕ್ಕದಲ್ಲಿ ‘ಉತ್ತರದ ಕಡೆ’ ಎಂದಿತ್ತು. ಚರ್ಚಿನ ಬೆನ್ನಿಗೆ, ಬಿಸಿಲು ಬೀಳದ, ಕಲ್ಲು ನೆಡದ ಬದಿ. ಒಂದು ಮೇರಿಯ ಸಾಲಿನಿಂದ ಇನ್ನೊಂದು ಮೇರಿಯ ಸಾಲಿಗೆ ಹೋಗಿ ನಡುವಿನ ದಿನಗಳನ್ನು ಎಣಿಸಿದೆ. ಇದನ್ನು ಸುಧಾ ನೋಡಿದಳು. ಪೆನ್ನಿಗೆ ಮುಚ್ಚಳ ಹಾಕಿದಳು.

“ಹೇಳ್ಬೇಕು,” ಎಂದಳು.

“ಹೇಳಿದ್ರೆ ಜಾಗ ಹೋಗುತ್ತೆ. ಕಲ್ಲಿಲ್ಲದವರಿಗೆ ಅಲ್ಲಿ ಅವಕಾಶ ಇಲ್ಲ.”

“ಹೇಳ್ದೇ ಇದ್ರೆ ಯಾರದೋ ಕಾಲ ಹತ್ರ ಹೋಗಿ ಮಲಗ್ತಾರೆ.”

ಮಾವ ಪೇಪರಿನಿಂದ ತಲೆಯೆತ್ತಿದರು. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಮೂವತ್ತೈದು ವರ್ಷ ಸುಳ್ಳು ಸಂಬಂಧಗಳಿಗೆ ಮೊಹರು ಒತ್ತಿದ ಅನುಭವದಿಂದ, “ಅಳಿಯಂದ್ರೇ, ಸುಮ್ನಿರಿ. ಬೂದಿಗೆಂಥ ಗೋತ್ರ?” ಎಂದರು.

ನಾನು ಅವರನ್ನೇ ನೋಡಿದೆ. ಅವರು ಗಂಭೀರವಾಗಿಯೇ ಇದ್ದರು. ಈ ಜ್ಞಾನ ನಮ್ಮ ಮದುವೆಯ ಮಂಟಪದಲ್ಲಿ ಅವರಿಗೆ ಆಗಿದ್ದಿದ್ದರೆ ನನಗೂ ನಮ್ಮಪ್ಪನಿಗೂ ಒಂದಿಷ್ಟು ಬೆವರು ಉಳಿಯುತ್ತಿತ್ತು.

ಹನ್ನೊಂದು ದಿನ ನಾನು ಹೇಳಲಿಲ್ಲ. ಹೇಳಬಾರದೆಂದು ತೀರ್ಮಾನಿಸಿದ್ದೆ ಎಂದಲ್ಲ. ಸೈಕಲ್ ಇಡುವ ನೆಲಮಾಳಿಗೆಯಿಂದ ಹಿಂದಿನ ಬಾಗಿಲಲ್ಲಿ ಬಂದೆ. ಮೆಟ್ಟಿಲಲ್ಲಿ ಅವರ ಹೆಜ್ಜೆ ಕೇಳಿದರೆ ಒಳಗೇ ನಿಂತೆ. ಆ ಹನ್ನೊಂದು ದಿನದಲ್ಲಿ ಮೂರು ರೊಟ್ಟಿ ಬಂದವು. ಹನ್ನೆರಡನೆಯ ದಿನ ಕೀತ್‌ನಿಂದ ಡೊರೀನ್‌ಗೆ ಇನ್ನೊಂದು ಪತ್ರ ಬಂತು. ಶನಿವಾರ ಬೆಳಿಗ್ಗೆ ವಿಡಿಯೊ ಕರೆ ಮಾಡಿ ಕಲ್ಲನ್ನೂ ಜಾಗವನ್ನೂ ತೋರಿಸುತ್ತೇನೆ, ನೋಡಿ ಒಪ್ಪಿದರೆ ಪುಸ್ತಕದಲ್ಲಿ ಬರೆದುಬಿಡುತ್ತೇನೆ ಎಂದು. ಡೊರೀನ್ ಅದನ್ನು ಹಿಡಿದು ಮಹಡಿ ಹತ್ತಿ ಬಂದರು. ಉಸಿರಿಗಾಗಿ ಫಲಕದ ಹತ್ತಿರ ನಿಂತಿದ್ದರು. ನಾನು ಅಂದೇ ಸಂಜೆ ಐದು ಗಂಟೆಗೆ ಮೂರು ಹಾಳೆ ಮುದ್ರಿಸಿಕೊಂಡು ಕೆಳಗೆ ಹೋದೆ.

ಡೊರೀನ್ ಭೂತಗನ್ನಡಿಯನ್ನು ಹಾಳೆಯಿಂದ ಹಾಳೆಗೆ ನಿಧಾನವಾಗಿ ಸರಿಸಿದರು. ನಾನು ಬೆರಳಿಟ್ಟು ತೋರಿಸಿದೆ: ಇದು ಗಿರಣಿಯ ಆನಳ ಸಾವು, ಇದು ಥಾಮಸನ ಜನನ, ಇದು ಕೂಲಿಯ ಆನಳ ಮಕ್ಕಳು.

“ಮೊದಲನೇ ಥಾಮಸ್ ಎಷ್ಟು ದಿನ ಇದ್ದ?”

“ಹತ್ತೊಂಬತ್ತು.”

“ಎರಡನೆಯವನು ನಮ್ಮವನು.”

“ಹೌದು.”

“ಇದರಲ್ಲಿ ನಿನಗೆ ಎಲ್ಲಿ ತಪ್ಪಿತು?”

ಹೇಳಿದೆ. ನಮ್ಮಲ್ಲಿ ಹೋದ ಮಗುವಿನ ಹೆಸರು ಇಡುವುದಿಲ್ಲ ಎಂದೆ, ಏನಿಡುತ್ತಾರೆ ಎಂದೂ, ಅಪ್ಪನಿಗಿಂತ ಮೊದಲು ಮೂವರು ಹೋದರೆಂದೂ ಹೇಳಿದೆ. ಬಾಗಿಲ ಫಲಕದ ಮೇಲಿರುವುದು ಗುಡ್ಡವಲ್ಲ, ಸೆಗಣಿ, ಕಸ, ಬೂದಿ ಸುರಿಯುವ ರಾಶಿ ಎಂದು ಒಪ್ಪಿಕೊಂಡೆ. ಡೊರೀನ್ ನಕ್ಕರು. ಬಹಳ ಹೊತ್ತು ನಕ್ಕರು, ಕನ್ನಡಕ ತೆಗೆದು ಒರೆಸಿಕೊಂಡರು. “ಮೆನೇರ್ ತಿಪ್ಪೆರಾಶಿ,” ಎಂದರು. ಆಮೇಲೆ ಕನ್ನಡಕ ಹಾಕಿಕೊಂಡು, ಹವಾಮಾನ ಹೇಳುವ ಧ್ವನಿಯಲ್ಲಿ, “ನಾನು ಎರಡನೇ ಡೊರೀನ್,” ಎಂದರು.

ನನಗೆ ಅರ್ಥವಾಗಲಿಲ್ಲ.

“ನನಗಿಂತ ಮೊದಲು ಒಬ್ಬಳಿದ್ದಳು. ಮೂರು ವಾರ. ಅವಳ ಬಿಳಿ ಗೌನನ್ನೇ ನನಗೂ ಹಾಕಿದರು. ಹೆಸರೂ ಅವಳದ್ದೇ. ಒಳ್ಳೆ ಹೆಸರು, ಇನ್ನೂ ಬಳಸಿಯೇ ಇರಲಿಲ್ಲ ಅನ್ನುತ್ತಿದ್ದಳು ಅಮ್ಮ.”

“ನೀವು ಹೇಳಲೇ ಇಲ್ಲ.”

“ನೀನು ಕೇಳಲೇ ಇಲ್ಲ. ಹದಿನಾಲ್ಕು ವಾರವೂ ಅಪ್ಪಂದಿರನ್ನೇ ಕೇಳಿದೆ.”

ಎರಡು ಥಾಮಸರ ನಿಗೂಢವನ್ನು ಬಿಡಿಸುತ್ತ ನಾನು ಕೂತಿದ್ದ ಅಷ್ಟೂ ದಿನ, ಅದರ ಉತ್ತರ ಎದುರು ಕುರ್ಚಿಯಲ್ಲಿ ಕೂತು ನನಗೆ ಚಹಾ ಬಗ್ಗಿಸುತ್ತಿತ್ತು. ನಾನು ತಲೆ ತಗ್ಗಿಸಿ ಬಿಸ್ಕತ್ತಿನ ತಟ್ಟೆಯನ್ನು ನೋಡುತ್ತಿದ್ದೆ. ಆಗ ಡೊರೀನ್ ಕೇಳಿದರು: “ನಿಮ್ಮಪ್ಪನಿಗಿಂತ ಮೊದಲು ಮೂವರು ಹೋದರು ಅಂದೆಯಲ್ಲ. ಅವರ ಹೆಸರು?”

“ಗೊತ್ತಿಲ್ಲ,” ಎಂದೆ. “ಮನೆಯಲ್ಲಿ ಯಾರೂ ಹೇಳುತ್ತಿರಲಿಲ್ಲ.”

ಆ ಮೂವರು ನನ್ನ ಅಪ್ಪನ ಅಕ್ಕಂದಿರೋ ಅಣ್ಣಂದಿರೋ ಎಂಬುದೂ ನನಗೆ ತಿಳಿಯದು ಎಂದು ನನಗೆ ಹೊಳೆದದ್ದು ಆಗಲೇ. ಲಿಟ್ಲ್ ಟಾರ್ಬಿಯ ಹತ್ತೊಂಬತ್ತು ದಿನದ ಕೂಸಿಗೂ ಒಂದು ಅರ್ಧ ಸಾಲಿತ್ತು.

“ನಾಳೆ ಕೀತ್‌ಗೆ ಬರೆದು ಸರಿಪಡಿಸುತ್ತೇನೆ,” ಎಂದೆ.

“ಬರೆದರೆ?”

“ಉತ್ತರದ ಕಡೆ ಕಲ್ಲಿಲ್ಲ. ಕಲ್ಲಿಲ್ಲದಿದ್ದರೆ ಜಾಗ ಕೊಡುವುದಿಲ್ಲ.”

“ಅಂದರೆ ತಪ್ಪು ಅಜ್ಜನ ಜೊತೆ ಬಂದರೆ ಒಳಗೆ, ಸರಿಯಾದ ಅಜ್ಜನ ಜೊತೆ ಬಂದರೆ ಹೊರಗೆ.”

“ನಿಯಮ ಹಾಗಿದೆ.”

ಡೊರೀನ್ ಹಾಳೆಗಳನ್ನು ಜೋಡಿಸಿ ಮಡಚಿದರು. “ಊರಿಗೆ ಒಂದೇ ಗಿರಣಿ ಅಂದೆ. ಹಾಗಾದರೆ ನಮ್ಮವರು ಜೀವಮಾನ ಪೂರ್ತಿ ಇವನ ಹತ್ತಿರವೇ ಕಾಳು ಹೊತ್ತಿರಬೇಕು. ಪ್ರತಿ ಚೀಲದಲ್ಲೂ ಇವನು ತನ್ನ ಬೊಗಸೆ ತೆಗೆದುಕೊಂಡೇ ಇರಬೇಕು. ಆ ಕಲ್ಲು ಎದ್ದದ್ದೇ ಅದರಿಂದ. ನನಗೆ ಒಂದಡಿ ನೆಲ ಕೊಡಲಿ, ಬಡವನೇನೂ ಆಗುವುದಿಲ್ಲ.”

“ಆದರೆ ನಾನು ಕಳಿಸಿದ ಪಟ್ಟಿ ತಪ್ಪು.”

“ಕೀತ್ ಕೇಳಿದರೆ ಹೇಳು. ಕೇಳದಿದ್ದರೆ ಬಾಯಿ ತೆರೆಯಬೇಡ.”

ಶನಿವಾರ ಬೆಳಿಗ್ಗೆ ಹತ್ತಕ್ಕೆ ಡೊರೀನರ ಅಡುಗೆಮನೆಯಲ್ಲಿ ನಾವು ನಾಲ್ವರೂ ಕೂತೆವು. ಮಾವ ಕೋಟು ಹಾಕಿಕೊಂಡು ಬಂದಿದ್ದರು. ಇಂಗ್ಲೆಂಡಿಗೆ ಹೋಗುವುದೆಂದರೆ ಸುಮ್ಮನೆಯೇ? ಪರದೆಯಲ್ಲಿ ಕೀತ್‌ನ ಕೆಂಪು ಮುಖ ಬಂತು, ಹಿಂದೆ ಬೂದು ಬಣ್ಣದ ಆಕಾಶ. ತುಂಬಾ ಒಳ್ಳೆಯ ಮನುಷ್ಯ. ಅದೇ ಕಷ್ಟವಾಗಿತ್ತು.

“ಪಟ್ಟಿ ಮಾಡಿದವರು ನೀವೇನಾ?” ಎಂದು ನನ್ನನ್ನು ಕೇಳಿದ. “ಸಭೆಯಲ್ಲಿ ಎಲ್ಲರಿಗೂ ತೋರಿಸಿದೆ. ಇನ್ನು ಮುಂದೆ ಯಾರು ಅರ್ಜಿ ಹಾಕಿದರೂ ಹೀಗೇ ಮಾಡಿ ತರಬೇಕು ಅಂತ ನಿರ್ಧಾರ ಮಾಡಿದ್ದೇವೆ. ಎಲ್ಲವನ್ನೂ ಎರಡೆರಡು ಸಲ ನೋಡಿದ್ದೀರಿ ಅಲ್ಲವೆ?”

ಡೊರೀನ್ ನನ್ನ ಕಡೆ ನೋಡಲಿಲ್ಲ. ಮಾವ ನನ್ನ ಕಾಲು ತುಳಿದರು.

“ಎರಡು ಸಲ ನೋಡಿದ್ದೇನೆ,” ಎಂದೆ. ಅದು ನಿಜ. ಎರಡನೆಯ ಸಲ ಕಂಡದ್ದೇನು ಎಂದು ಅವನು ಕೇಳಲಿಲ್ಲ, ನಾನು ಹೇಳಲಿಲ್ಲ. ಹದಿನಾರು ವರ್ಷದ ಕಸುಬಿನಲ್ಲಿ ಗೊತ್ತಿದ್ದೂ ಒಂದು ತಪ್ಪನ್ನು ಬಿಟ್ಟದ್ದು ಇದೊಂದೇ.

ಕೀತ್ ಫೋನನ್ನು ಕಲ್ಲಿನ ಮುಂದೆ ಹಿಡಿದ. ಆಳವಾಗಿ ಕೆತ್ತಿದ ಅಕ್ಷರ, ಮೇಲೆ ಗಿರಣಿಯ ಸಣ್ಣ ಚಿತ್ರ. “ನಿಮ್ಮ ಹೆಸರಿಗೆ ಇಲ್ಲಿ ಕೆಳಗೆ ಜಾಗವಿದೆ,” ಎಂದು ತೋರಿಸಿದ. ಡೊರೀನ್ ಪರದೆಗೆ ಭೂತಗನ್ನಡಿ ಹಿಡಿದು ನೋಡಿದರು. “ಚರ್ಚಿನ ಉತ್ತರಕ್ಕೆ ಏನಿದೆ, ತೋರಿಸುತ್ತೀಯಾ?” ಎಂದು ಕೇಳಿದರು.

“ಅಲ್ಲೇನೂ ಇಲ್ಲ.”

“ಎಷ್ಟು ದೂರ?”

ಕೀತ್ ನಡೆದ. ಫೋನು ಕೆಳಮುಖವಾಗಿದ್ದರಿಂದ ನಮಗೆ ಕಂಡದ್ದು ಅವನ ಬೂಟು ಮತ್ತು ಹುಲ್ಲು. ಗಟ್ಟಿಯಾಗಿ ಹೆಜ್ಜೆ ಎಣಿಸುತ್ತಿದ್ದ. ಗೋಪುರದ ಮೂಲೆ ತಿರುಗಿದ. ಹುಲ್ಲು ಮೊಣಕಾಲಿಗೆ ಬಂತು. ಮೂವತ್ತನಾಲ್ಕಕ್ಕೆ ನಿಂತ. “ಮುಂದೆ ತುರಿಕೆ ಸೊಪ್ಪು,” ಎಂದ. ಅಲ್ಲಿ ನಿಜಕ್ಕೂ ಏನೂ ಇರಲಿಲ್ಲ. ನೆಲ ಒಂದೊಂದು ಕಡೆ ಸ್ವಲ್ಪ ಉಬ್ಬಿತ್ತು, ಅಷ್ಟೇ. ಸುಧಾ ನನ್ನ ತೋಳು ಹಿಡಿದುಕೊಂಡಳು.

“ಅಲ್ಲಿಂದ ಗಿರಣಿಯವನ ಕಲ್ಲು ಕಾಣುತ್ತದೆಯಾ?”

“ಬೆನ್ನು ಕಾಣುತ್ತದೆ.” ಫೋನನ್ನು ಎತ್ತಿ ತೋರಿಸಿದ. ಗೋಪುರದ ಮೂಲೆಯ ಪಕ್ಕಕ್ಕೆ ಆ ಕಲ್ಲಿನ ಹಿಂಬದಿ: ಒರಟು, ಖಾಲಿ, ಪಾಚಿ ಕಟ್ಟಿದ್ದು.

ಡೊರೀನ್ ಪರದೆಗೆ ಮತ್ತೆ ಭೂತಗನ್ನಡಿ ಹಿಡಿದರು. “ನನ್ನ ಹೆಸರನ್ನು ಆ ಬದಿಗೆ ಕೆತ್ತಿಸು,” ಎಂದರು.

ಕೀತ್‌ಗೆ ಸರಿಯಾಗಿ ಕೇಳಿಸಲಿಲ್ಲ ಅನ್ನಿಸಿರಬೇಕು. “ಬೆನ್ನಿಗಾ? ಮುಂದೆ ಬೇಕಾದಷ್ಟು ಜಾಗ ಇದೆಯಲ್ಲ. ದಾರಿ ಇರುವುದು ಮುಂದೆ. ಈ ಕಡೆಯಿಂದ ಓದುವವರು ಯಾರೂ ಇಲ್ಲ.”

ಕೂಲಿ ವಿಲಿಯಂ ಮತ್ತು ಅವನ ಆನ್ ಮದುವೆಯ ಪುಸ್ತಕದಲ್ಲಿ ಸಹಿಯ ಜಾಗದಲ್ಲಿ ಒಂದೊಂದು ಗೀಟು ಎಳೆದವರು. ಇಬ್ಬರಿಗೂ ಓದಲು ಬರುತ್ತಿರಲಿಲ್ಲ. ಇದನ್ನು ನಾನು ಡೊರೀನ್‌ಗೆ ಹಿಂದಿನ ದಿನವಷ್ಟೇ ತೋರಿಸಿದ್ದೆ.

“ಪರವಾಗಿಲ್ಲ,” ಎಂದರು ಡೊರೀನ್. “ಅಕ್ಷರ ಮಾತ್ರ ಸ್ವಲ್ಪ ದೊಡ್ಡದಾಗಿರಲಿ.”